ರಂಜಾನ್ ತಿಂಗಳ ಮಾತ್ರೆಗಳು

ನಾನು ಫ್ರಾನ್ಸಿಸ್ಕನ್ ಸಭೆಯ ಸಿಸ್ಟರ್, ಕೆಲಸದಲ್ಲಿ ನರ್ಸ್. ಬೇಲೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಏಳು ವರ್ಷ ಇದ್ದೆ. ಮುಸ್ಲಿಮರ ಮನೆಗಳೇ ಜಾಸ್ತಿ, ಹೆಚ್ಚಿನವರು ಕಾಫಿ ತೋಟದ ಕೂಲಿಯವರು. ಕ್ರೈಸ್ತರು ಅಂತ ಇದ್ದದ್ದು ಕಾನ್ವೆಂಟಿನ ನಾವು ಮೂವರೇ.

"ಯಾಕೆ ಬಂದಿರಿ ಸಿಸ್ಟರಮ್ಮ? ನಮ್ಮನ್ನ ನಿಮ್ಮ ಜಾತಿಗೆ ಸೇರಿಸೋಕಾ?" ಅಂತ ಮೊದಲ ವಾರವೇ ಒಬ್ಬ ಅಜ್ಜಿ ಕೇಳಿದರು. ನೇರವಾಗಿ ಕೇಳಿದ್ದು ಒಳ್ಳೆಯದೇ ಆಯಿತು. ನಾವು ಕ್ರೈಸ್ತರು, ಅದನ್ನು ಮುಚ್ಚಿಡಲ್ಲ, ಬಂದಿರೋದು ಕಾಯಿಲೆ ನೋಡೋಕೆ ಅಂದೆ. 1219ರಲ್ಲಿ, ಕ್ರೈಸ್ತರಿಗೂ ಮುಸ್ಲಿಮರಿಗೂ ಕ್ರುಸೇಡ್ ಅನ್ನುವ ಧರ್ಮಯುದ್ಧ ನಡೆಯುತ್ತಿದ್ದಾಗಲೇ, ನಮ್ಮ ಸಭೆಯ ಮೂಲಪುರುಷ ಸಂತ ಫ್ರಾನ್ಸಿಸರು ಈಜಿಪ್ಟಿನ ಸುಲ್ತಾನ್ ಅಲ್-ಕಾಮಿಲ್ ಹತ್ತಿರ ಹೋಗಿ ಮಾತಾಡಿದ್ದರು. ಮುಸ್ಲಿಮರ ನಡುವೆ ಬದುಕೋಕೆ ಫ್ರಾನ್ಸಿಸರು ತಮ್ಮ ಸಭೆಗೆ ಬರೆದ 1221ರ ನಿಯಮ ಎರಡು ದಾರಿ ಹೇಳುತ್ತದೆ. ಒಂದು, ದೇವರಿಗೆ ಇಷ್ಟ ಅಂತ ಕಂಡಾಗ ವಾಕ್ಯ ಸಾರುವುದು. ಇನ್ನೊಂದು, ವಾದ ಜಗಳ ಮಾಡದೆ, ಎಲ್ಲರಿಗೂ ತಗ್ಗಿ ನಡೆದು, ತಾವು ಕ್ರೈಸ್ತರು ಅಂತ ಹೇಳಿಕೊಳ್ಳುವುದು. ನಾನು ಹಿಡಿದದ್ದು ಈ ಎರಡನೆಯದನ್ನು.

ಆದರೂ ಒಮ್ಮೆ ತಪ್ಪಿದೆ.

ಇಪ್ಪತ್ತನಾಲ್ಕು ವರ್ಷದ ಒಬ್ಬ ಸೊಸೆಗೆ ಟಿಬಿ ಇತ್ತು. ಒಟ್ಟು 6 ತಿಂಗಳು ದಿನಾ ಮಾತ್ರೆ, ಮೊದಲ 2 ತಿಂಗಳು ನಾಲ್ಕು ಔಷಧಿ. ಮಾತ್ರೆ ಶುರುವಾದಾಗ ಮೂತ್ರ ಕೆಂಪಗೆ ಬಂದು ರಕ್ತ ಅಂತ ಹೆದರಿದ್ದಳು. ಅದು ರಿಫಾಂಪಿಸಿನ್ ಅನ್ನುವ ಟಿಬಿ ಔಷಧಿಯ ಬಣ್ಣ ಅಂತ ಕೂರಿಸಿ ಹೇಳಿದ್ದೆ. ಹೇಗೋ ಹಳಿಗೆ ಬಂತು ಅನ್ನುವಷ್ಟರಲ್ಲಿ ರಂಜಾನ್ ಬಂತು. ನಾಲ್ಕು ದಿನ ಉಪವಾಸ ಹಿಡಿದಳು, ನಾಲ್ಕು ದಿನ ಮಾತ್ರೆ ಬಿಟ್ಟಳು. ನಾನು ಅವಳ ಅತ್ತೆಯ ಎದುರಿಗೇ ಬೈದೆ. "ಮಾತ್ರೆ ಮುಖ್ಯನೋ ಉಪವಾಸ ಮುಖ್ಯನೋ?" ಅವಳು ತಲೆ ತಗ್ಗಿಸಿದಳು. ಅತ್ತೆ ಬಾಗಿಲು ಹಾಕಿದರು.

ರಾತ್ರಿ ನಿದ್ದೆ ಬರಲಿಲ್ಲ. ಈಸ್ಟರಿಗೆ ಮುಂಚಿನ ನಮ್ಮ ಉಪವಾಸದ ದಿನಗಳಾದ ತಪಸ್ಸುಕಾಲದಲ್ಲಿ ಜ್ವರ ಇದ್ದರೂ ಊಟ ಬಿಟ್ಟವಳು ನಾನು. ಯಾರಾದರೂ ಹಾಗೆ ಕೇಳಿದ್ದರೆ ನನಗೆ ಹೇಗಾಗುತ್ತಿತ್ತು?

ಬೆಳಿಗ್ಗೆ ಮಸೀದಿಯ ಹಜರತ್ (ಧರ್ಮಗುರು) ಹತ್ತಿರ ಹೋದೆ. ಅವರು ಕುರಾನ್ ತೆಗೆದು ಬಕರಾ ಅಧ್ಯಾಯದ 184ನೇ ವಾಕ್ಯ ಓದಿದರು. ಕಾಯಿಲೆಯವರು, ಪ್ರಯಾಣದಲ್ಲಿರುವವರು ಬಿಟ್ಟ ದಿನಗಳನ್ನು ಎಣಿಸಿಕೊಂಡು ಆಮೇಲೆ ಹಿಡಿಯಬಹುದು. ಆ ಶುಕ್ರವಾರ ನಮಾಜಿಗೆ ಬಂದವರಿಗೆಲ್ಲ ಅದನ್ನೇ ಹೇಳಿದರು. ನಾನು ಹತ್ತು ಸಲ ಹೇಳಿದರೂ ಆಗದ ಕೆಲಸ ಅದು. ಅತ್ತೆಯ ಹತ್ತಿರ ಕ್ಷಮೆ ಕೇಳಿದೆ. ಸೊಸೆ ಮತ್ತೆ ಮಾತ್ರೆ ಶುರು ಮಾಡಿದಳು.

ಆಮೇಲೆ ಪ್ರತಿ ವರ್ಷ ರಂಜಾನಿಗೆ ಒಂದು ತಿಂಗಳು ಮುಂಚೆಯೇ ಟಿಬಿ, ಶುಗರ್ ಇರುವವರ ಪಟ್ಟಿ ಮಾಡಿ ಡಾಕ್ಟರ ಹತ್ತಿರ ಕಳಿಸುತ್ತಿದ್ದೆ. ಇನ್ಸುಲಿನ್ ತಗೊಳ್ಳುವವರ ಡೋಸು, ಹೊತ್ತು ಬದಲಾಗಬೇಕು. ಶುಗರ್ ತೀರಾ ಇಳಿದು ಬೆವರು, ನಡುಕ ಬಂದರೆ ಉಪವಾಸ ಮುರಿಯಲೇಬೇಕು. ಇದನ್ನು ಹೆಂಗಸರಿಗೆ ಅಡುಗೆಮನೆಯಲ್ಲೇ ಕೂತು ಹೇಳಬೇಕು, ಕ್ಲಿನಿಕ್ಕಿನಲ್ಲಿ ಅವರು ಸುಮ್ನೆ ತಲೆಯಾಡಿಸುತ್ತಾರೆ. ಟಿಬಿಯ ಕೊನೆಯ ತಿಂಗಳಲ್ಲಿದ್ದ ಒಬ್ಬ ಅಜ್ಜ ಉಪವಾಸ ಬಿಡಲ್ಲ ಅಂದರು. ಡಾಕ್ಟರು ಒಪ್ಪಿದರು. ಅಜ್ಜ ಉಪವಾಸ ಶುರುವಾಗುವ ಮುಂಚಿನ ಬೆಳಗಿನ ಜಾವದ ಸಹರಿ ಊಟಕ್ಕೆ ಒಂದು ಗಂಟೆ ಮುಂಚೆ ಎದ್ದು ಖಾಲಿ ಹೊಟ್ಟೆಗೆ ಮಾತ್ರೆ ನುಂಗುತ್ತಿದ್ದರು.

ಆ ಸೊಸೆಯ ಕೊನೆಯ ಕಫ ಪರೀಕ್ಷೆ ನೆಗೆಟಿವ್ ಬಂತು. ಚೀಟಿ ತೋರಿಸಲು ಬಂದವಳು ಬಿಟ್ಟ ಉಪವಾಸಗಳ ಲೆಕ್ಕವನ್ನೂ ತಂದಿದ್ದಳು. "ಇನ್ನೂ ಇಪ್ಪತ್ತಾರು ಇದೆ ಸಿಸ್ಟರಮ್ಮ. ಚಳಿಗಾಲದಲ್ಲಿ ಹಗಲು ಚಿಕ್ಕದು, ಆಗ ಹಿಡಿಯಲಾ?"

ಡಾಕ್ಟರನ್ನು ಕೇಳಿಕೊಂಡು ಬರೋಣ ಬಾ ಅಂತ ಇಬ್ಬರೂ ಬಸ್ಸಿಗೆ ಹೊರಟೆವು.