ನ್ಯೂರೋ ಪೋಸ್ಟಿಂಗ್‌ಗೆ ನಾನು ತಯಾರಾಗಿದ್ದು ಲಸಿಕೆ ಕೋಣೆಯಲ್ಲಿ

ಪೀಡಿಯಾಟ್ರಿಕ್ ನ್ಯೂರಾಲಜಿ (ಮಕ್ಕಳ ನರರೋಗ ವಿಭಾಗ) ಪೋಸ್ಟಿಂಗ್‌ಗೆ ಮುಂಚೆ ಲಸಿಕೆ ಕೋಣೆಯಲ್ಲಿ ಕೂರ್ತೀನಿ ಅಂದಾಗ ಸೀನಿಯರ್‌ಗಳು ನಕ್ಕರು. "ಅಲ್ಲಿಗೆ ಬರೋದು ಚೆನ್ನಾಗಿರೋ ಮಕ್ಕಳು ಕಣೋ!" ನನಗೆ ಬೇಕಾಗಿದ್ದೂ ಅವೇ: ಚೆನ್ನಾಗಿರೋದು ಹೇಗಿರುತ್ತೆ ಅಂತ ಗೊತ್ತಿದ್ದರೆ ತಾನೇ ತೊಂದರೆ ಕಾಣೋದು.

ಅಷ್ಟರಲ್ಲಿ ದುಡ್ಡು ಸುರಿದಾಗಿತ್ತು. ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ಓದೋ ಆನ್‌ಲೈನ್ ಕೋರ್ಸಿಗೆ ಏಳೆಂಟು ಸಾವಿರ, ಅದೂ ಸ್ಟೈಪೆಂಡ್ ತಡವಾದ ತಿಂಗಳು. ಅಲೆಗಳ ಹೆಸರು ಬಾಯಿಪಾಠವಾಯಿತು. ಮಗುವನ್ನು ಎದುರಿಗೆ ಮಲಗಿಸಿದರೆ ಟೋನ್ (ಸ್ನಾಯುಗಳ ಬಿಗಿ) ಜಾಸ್ತಿಯೋ ಕಡಿಮೆಯೋ ಗೊತ್ತಾಗುತ್ತಿರಲಿಲ್ಲ. ಮೊಣಕಾಲಿಗೆ ತಟ್ಟೋ ಎರಡು ಸಾವಿರದ ಹ್ಯಾಮರ್ ಕಂಡರೇ ಮಕ್ಕಳು ಅಳುತ್ತಿದ್ದವು. ಕೆಲಸಕ್ಕೆ ಬಂದಿದ್ದು ಜಾತ್ರೆಯ ಗಿಲಕಿ, ಕೆಂಪು ಉಲ್ಲನ್ ಚೆಂಡು, ಟೇಪು, ಒಂದು ಹಿಡಿ ಮಂಡಕ್ಕಿ. ಎಲ್ಲಾ ಸೇರಿ ನೂರೈವತ್ತು ದಾಟಿರಲಿಕ್ಕಿಲ್ಲ.

ಲಸಿಕೆ ಕೋಣೆಗೆ ವಯಸ್ಸುಗಳು ತಾವಾಗೇ ಬರುತ್ತವೆ: 6, 10, 14 ವಾರ, 9 ತಿಂಗಳು. 6 ವಾರದ ಕೂಸನ್ನು ಕೈ ಹಿಡಿದು ಎಬ್ಬಿಸಿದರೆ ತಲೆ ಹಿಂದಕ್ಕೆ ಜೋಲುತ್ತೆ. 14 ವಾರದ್ದು ತಲೆಯನ್ನು ಹೆಚ್ಚುಕಡಿಮೆ ಜೊತೆಗೇ ತರುತ್ತೆ, ಮೋರೋ (ಎಳೆಗೂಸು ಬೆಚ್ಚಿಬಿದ್ದು ಕೈ ಚಾಚೋ ಪ್ರತಿಕ್ರಿಯೆ) ಕೂಡ ಸೊರಗಿರುತ್ತೆ. 9 ತಿಂಗಳಿನದು ಕೂತಲ್ಲೇ ನನ್ನ ಐಡಿ ಕಾರ್ಡ್ ಎಳೆಯುತ್ತೆ. ಎತ್ತಿ ಮುಂದಕ್ಕೆ ಬಗ್ಗಿಸಿದರೆ ಎರಡೂ ಕೈ ಚಾಚುತ್ತೆ. ಒಂದೇ ಕೈ ಚಾಚಿದರೆ ಸುಮ್ನೆ ಕಳಿಸಬೇಡಿ. ಇದೆಲ್ಲಾ ಸೂಜಿ ಚುಚ್ಚೋ ಮುಂಚೆಯೇ ಆಗಬೇಕು.

ನಡುವೆ ಗಿರಗಿಟ್ಲೆ ಪ್ರಯೋಗವೂ ನಡೆಯಿತು. ಆಬ್ಸೆನ್ಸ್ (ಮಗು ಕೆಲವು ಸೆಕೆಂಡು ಸ್ತಬ್ಧವಾಗಿ ಎಲ್ಲೋ ನೋಡೋ ಮೂರ್ಛೆರೋಗ) ಅನುಮಾನ ಇದ್ದರೆ ಮೂರು ನಿಮಿಷ ಜೋರಾಗಿ ಉಸಿರಾಡಿಸಬೇಕಲ್ವಾ? ಬಾಯಲ್ಲಿ ಹೇಳಿದರೆ ಯಾವ ಮಗು ಕೇಳುತ್ತೆ! ಕಾಗದದ ಗಿರಗಿಟ್ಲೆ ಕೊಟ್ಟರೆ ಊದುತ್ತಲೇ ಇರುತ್ತವೆ. ಒಬ್ಬಳು ಹುಡುಗಿ ನಡುವೆಯೇ ನಿಲ್ಲಿಸಿ, ಹತ್ತು ಸೆಕೆಂಡಿನಷ್ಟು ಎಲ್ಲೋ ನೋಡಿ, ಏನೂ ಆಗದವಳ ಹಾಗೆ ಮತ್ತೆ ಊದಿದಳು. ಇಇಜಿಯಲ್ಲಿ ಸೆಕೆಂಡಿಗೆ 3ರ ಸ್ಪೈಕ್-ವೇವ್, ಅಂದರೆ ಆಬ್ಸೆನ್ಸಿನದೇ ಅಲೆ.

ಪೋಸ್ಟಿಂಗ್ ಶುರುವಿನಲ್ಲೇ ಏಳು ತಿಂಗಳ ಮಗುವೊಂದು ಬಂತು. "ಹೊಟ್ಟೆನೋವು ಡಾಕ್ಟ್ರೇ, ನಿದ್ದೆಯಿಂದ ಎದ್ದ ಕೂಡ್ಲೇ ಮುದುಡ್ಕೊಳ್ತದೆ" ಅಂದರು ಅಜ್ಜಿ. ಮೊಬೈಲ್ ವಿಡಿಯೋದಲ್ಲಿ ಮಗುವಿನ ತಲೆ ಬಗ್ಗಿ ಎರಡೂ ಕೈ ಮೇಲೇಳುತ್ತಿದ್ದವು. ಕೆಲವು ಸೆಕೆಂಡು ಬಿಟ್ಟು ಮತ್ತೆ, ಮತ್ತೆ. ಮೋರೋ ಇರಬೇಕು ಅಂದರು ಸೀನಿಯರ್. ಆ ವಯಸ್ಸಿಗೆ, ಸದ್ದೂ ಇಲ್ಲದೆ, ಹೀಗೆ ಸಾಲುಸಾಲಾಗಿ? ನಾನು ಒಪ್ಪಲಿಲ್ಲ. ಇನ್‌ಫ್ಯಾಂಟೈಲ್ ಸ್ಪಾಸಮ್ (ಕೂಸುಗಳಿಗೆ ಬರೋ ಒಂದು ಬಗೆಯ ಮೂರ್ಛೆರೋಗ) ಅಂದೆ. ಅವತ್ತೇ ಇಇಜಿ ಆಯಿತು: ಹಿಪ್ಸರಿತ್ಮಿಯಾ, ಅಂದರೆ ಆ ರೋಗದಲ್ಲಿ ಕಾಣೋ ಅಸ್ತವ್ಯಸ್ತ ಅಲೆಗಳು. ಸಂಜೆಗೆ ಸ್ಟೆರಾಯ್ಡ್ ಶುರು. ಸೀನಿಯರ್ ಕ್ಯಾಂಟೀನಿನಲ್ಲಿ ದೋಸೆ ಕೊಡಿಸಿದರು.

ವಿಡಿಯೋ ತೆಗೆಯೋಕೆ ಹೇಳುವಾಗ ಒಂದು ಮಾತು ಸೇರಿಸಿ. ಹೊದಿಕೆ ತೆಗೆದಿರಬೇಕು, ಮುಖವೂ ಕೈಕಾಲೂ ಒಟ್ಟಿಗೇ ಕಾಣಬೇಕು, ಮಗು ಕಣ್ಣು ಬಿಟ್ಟ ಕೂಡಲೇ ಶುರುಮಾಡಬೇಕು.