ಗಾಂಧಿನಗರದಲ್ಲಿ ದಾರಿ ತಪ್ಪದಿರಲು ಕ, ಖ, ಗ, ಘ ಬಂದರೆ ಸಾಕು

ಗುಜರಾತಿನ ರಾಜಧಾನಿಗೆ ಹೊರಟವರು ಮೊದಲು ಎಡವುವುದು ಟಿಕೆಟ್ ಬುಕ್ ಮಾಡುವಾಗ. ಬೆಂಗಳೂರಿನವರಿಗೆ ಗಾಂಧಿನಗರ ಎಂದರೆ ಮೆಜೆಸ್ಟಿಕ್ ಮತ್ತು ಸಿನಿಮಾ ಮಂದಿ. ರೈಲ್ವೆಯವರ ಲೆಕ್ಕದಲ್ಲಿ ಜೈಪುರದಲ್ಲೂ ಒಂದು ಗಾಂಧಿನಗರವಿದೆ. ನಿಮಗೆ ಬೇಕಾದದ್ದು 'ಗಾಂಧಿನಗರ ಕ್ಯಾಪಿಟಲ್', ಕೋಡ್ ಜಿಎನ್‌ಸಿ. ಅಹಮದಾಬಾದಿನಲ್ಲಿ ಇಳಿದರೂ ತೊಂದರೆಯಿಲ್ಲ. ಮೊಟೆರಾ ದಾಟಿ ಗಾಂಧಿನಗರದೊಳಕ್ಕೆ ಬರುವ ಮೆಟ್ರೋ 2024ರ ಸೆಪ್ಟೆಂಬರ್‌ನಲ್ಲಿ ಶುರುವಾಗಿದೆ.

ಈ ಊರಿಗೆ ಕೋಟೆಯಿಲ್ಲ, ಅರಮನೆಯಿಲ್ಲ, ಹಳೇ ಪೇಟೆಯಿಲ್ಲ. 1960ರಲ್ಲಿ ರಾಜ್ಯ ಹುಟ್ಟಿದ ಮೇಲೆ ಬಯಲಲ್ಲಿ ಗೆರೆ ಎಳೆದು ಕಟ್ಟಿದ ಊರು. ಸರ್ಕಾರ ಇಲ್ಲಿಗೆ ಬಂದದ್ದು 1970ರಲ್ಲಿ. ಸರ್ಕಾರಿ ಕಚೇರಿ, ಅಗಲವಾದ ರಸ್ತೆ, ಮರದ ನೆರಳು ಇವು ಮಾತ್ರ ಧಾರಾಳ. ಹಾಗಿದ್ದೂ ಭಾರತದಲ್ಲಿ ಇಷ್ಟು ಸಲೀಸಾಗಿ ಅರ್ಥವಾಗುವ ನಕ್ಷೆ ಇರುವ ಊರುಗಳು ಕಡಿಮೆ, ಅದರಲ್ಲೂ ಕನ್ನಡಿಗರಿಗೆ.

ಉದ್ದ ರಸ್ತೆಗಳ ಹೆಸರು ಕ, ಖ, ಗ, ಘ, ಚ, ಛ, ಜ. ರೈಲು ನಿಲ್ದಾಣದ ಕಡೆ ಕ, ಸಾಬರಮತಿ ನದಿಯ ಕಡೆ ಜ. ಅಡ್ಡರಸ್ತೆಗಳಿಗೆ 1ರಿಂದ 7. ಎಣಿಕೆ ಅಹಮದಾಬಾದಿನ ಕಡೆಯಿಂದ ಶುರು. ಎರಡೂ ಕೂಡುವ ವೃತ್ತವೇ 'ಘ-4', 'ಚ-3'. ಊರ ಅಂಚಿನಲ್ಲಿ 'ಘ-0', 'ಚ-0' ಕೂಡ ಇವೆ, ಗಾಬರಿಯಾಗಬೇಡಿ. ಈ ಗೆರೆಗಳ ನಡುವೆ 30 ಸೆಕ್ಟರ್‌ಗಳು, ಒಂದೊಂದೂ ಸುಮಾರು 1 ಕಿ.ಮೀ. ಉದ್ದ, ಮುಕ್ಕಾಲು ಕಿ.ಮೀ. ಅಗಲ.

ಆಟೋದವರಿಗೆ ಸೆಕ್ಟರ್ ಸಂಖ್ಯೆ, ಹತ್ತಿರದ ವೃತ್ತ ಎರಡನ್ನೂ ಹೇಳಿ. ಹೇಳುವಾಗ ಮಹಾಪ್ರಾಣ ನುಂಗಬೇಡಿ. ನಮ್ಮ ಆಡುಮಾತಿನಲ್ಲಿ 'ಘಂಟೆ' 'ಗಂಟೆ'ಯಾದರೆ ಯಾರಿಗೂ ನಷ್ಟವಿಲ್ಲ. ಇಲ್ಲಿ 'ಘ-4' ಎನ್ನಲು ಹೋಗಿ 'ಗ-4' ಎಂದರೆ ಒಂದು ಸೆಕ್ಟರ್ ಆಚೆ ಇಳಿದು ಬಿಸಿಲಲ್ಲಿ ನಡೆಯಬೇಕು. ಇಳಿದ ಮೇಲೂ ತಪ್ಪು ತಕ್ಷಣ ಗೊತ್ತಾಗುವುದಿಲ್ಲ, ಏಕೆಂದರೆ ವೃತ್ತಗಳೆಲ್ಲ ಒಂದೇ ತರ. ಚ, ಛ ಇನ್ನೂ ಕಷ್ಟ: ಗುಜರಾತಿಯಲ್ಲಿ ಆರಕ್ಕೂ 'ಛ' ಎಂದೇ ಹೇಳುತ್ತಾರೆ. ಹಾಗಾಗಿ 'ಚ-6' ಕಿವಿಗೆ 'ಚ-ಛ' ಎಂದು ಬೀಳುತ್ತದೆ. ಅನುಮಾನವಿದ್ದರೆ ಹಿಂದಿಯಲ್ಲಿ 'ಛೇ ನಂಬರ್' ಎಂದು ಬಿಡಿಸಿ ಹೇಳಿ, ಇಲ್ಲವೇ ಬರೆದು ತೋರಿಸಿ.

ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಯಾರನ್ನಾದರೂ ಹುಡುಕುವುದಿದ್ದರೆ ಇನ್ನೊಂದು ತೊಡಕು. ಸಂಬಳದ ದರ್ಜೆಗೆ ತಕ್ಕಂತೆ ಕೊಡುವ ಆ ಮನೆಗಳಿಗೂ ಇವೇ ಅಕ್ಷರಗಳು. ವಿಳಾಸದಲ್ಲಿ 'ಚ ಟೈಪ್' ಎಂದಿದ್ದರೆ ಅದು ಮನೆಯ ದರ್ಜೆ. ಚ ರಸ್ತೆಗೆ ಹೋದರೆ ಸಿಗುವುದಿಲ್ಲ. ಬ್ಲಾಕ್ ಸಂಖ್ಯೆ, ಮನೆ ಸಂಖ್ಯೆ ಎರಡನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ಸೈಟಿನ ಮನೆಯಾದರೆ ಸೆಕ್ಟರ್ ಜೊತೆಗಿನ ಎ, ಬಿ, ಸಿ ಬಿಡಬೇಡಿ: ಬರೀ '2' ಎಂದರೆ ಸಾಲದು, '2-ಬಿ' ಎನ್ನಬೇಕು.

ದಾರಿ ಕೇಳಲು ದೊಡ್ಡ ರಸ್ತೆಯಲ್ಲಿ ಚಹಾ ಅಂಗಡಿ ಹುಡುಕುತ್ತಾ ನಿಲ್ಲಬೇಡಿ. ಅಂಗಡಿ, ಶಾಲೆ ಎಲ್ಲ ಆಯಾ ಸೆಕ್ಟರ್‌ನೊಳಗೇ ಇರಬೇಕೆಂದು ಯೋಜಿಸಿದ ಊರಿದು. ಒಳರಸ್ತೆಗೆ ತಿರುಗಿ ಸೆಕ್ಟರ್‌ನ ಶಾಪಿಂಗ್ ಸೆಂಟರ್ ಹುಡುಕಿದರೆ ಚಹಾ, ತಿಂಡಿ, ಊರ ಸುದ್ದಿ ಮೂರೂ ಸಿಗುತ್ತವೆ. ಹೊಟ್ಟೆತುಂಬ ತಿನ್ನುವುದಾದರೆ ಸೆಕ್ಟರ್ 21ರ ಮಾರುಕಟ್ಟೆ. ದಾಲ್‌ಗೆ ಬೆಲ್ಲ ಹಾಕುತ್ತಾರೆ. ಖಾರ ಬೇಕಾದವರು ಹುರಿದ ಹಸಿಮೆಣಸಿನಕಾಯಿ ಕೇಳಿ. ಸಂಜೆ ಗುಂಡು ಹಾಕುವ ಆಲೋಚನೆಯಿದ್ದರೆ ಬಿಡಿ, ರಾಜ್ಯದಲ್ಲಿ ಪಾನನಿಷೇಧವಿದೆ.

ಕೆಲಸ ಮುಗಿದು ಅರ್ಧ ದಿನ ಉಳಿದರೆ, ಸೋಮವಾರವನ್ನು ಬಿಟ್ಟು, ಸೆಕ್ಟರ್ 20ರ ಅಕ್ಷರಧಾಮಕ್ಕೆ ಹೋಗಿ. ಒಳಗೆ ಮೊಬೈಲ್ ಬಿಡುವುದಿಲ್ಲ, ಆದ್ದರಿಂದ ಜೊತೆಯವರನ್ನು ಎಲ್ಲಿ ಸೇರಬೇಕೆಂದು ಮೊದಲೇ ಮಾತಾಡಿಕೊಳ್ಳಿ. ಡೈನೊಸಾರ್ ಪಳೆಯುಳಿಕೆಗಳಿರುವ ಇಂದ್ರೋಡಾ ಉದ್ಯಾನಕ್ಕೂ ಸೋಮವಾರ ರಜೆ.

ಸೋಮವಾರವೇ ಸಿಕ್ಕಿಬಿದ್ದವರು ಅಡಾಲಜ್‌ಗೆ ಹೋಗಬಹುದು. 15ನೇ ಶತಮಾನದ ಕೊನೆಯಲ್ಲಿ ಮುಗಿದ ಐದು ಅಂತಸ್ತಿನ ಮೆಟ್ಟಿಲುಬಾವಿ ಅದು. ಕೆಳಗಿಳಿಯುತ್ತಾ ಹೋದಂತೆ ಸೆಕೆ ಹಿಂದೆ ಬಿದ್ದು ತಂಪು ಮೈಗೆ ತಾಗುತ್ತದೆ. ಕಂಬಗಳ ಕೆತ್ತನೆ ನೋಡಲು ನಿಧಾನವಾಗಿ ಇಳಿಯಿರಿ. ಹೋಗುವ ಆಟೋಗೆ ವಾಪಸಿನ ಬಾಡಿಗೆಯನ್ನೂ ಮಾತಾಡಿ, ಅಲ್ಲೇ ಕಾಯಲು ಹೇಳಿ.