ತಗಡಿನ ಡಬ್ಬಿಯಲ್ಲಿ ಸ್ಟರ್ಲಿಂಗ್ ಇಂಜಿನ್: ಬಿಸಿಯಷ್ಟೇ ಸಾಲದು, ತಂಪೂ ಬೇಕು

ಕಲಬುರಗಿಯಲ್ಲಿ ಸ್ಟರ್ಲಿಂಗ್ ಎಂಬ ಈ ಬಿಸಿಗಾಳಿ ಇಂಜಿನ್ನಿನ ಮಾತು ತೆಗೆದರೆ ಬರುವ ಮೊದಲ ಉತ್ತರ ಒಂದೇ: ‘ನಮ್ಮ ಕಡಿ ಬಿಸಲಿಗೆ ದೀಪಾನೂ ಬ್ಯಾಡ, ಹಂಗೇ ತಿರಗತದ.’ ಲೆಕ್ಕ ಮಾತ್ರ ಇದಕ್ಕೆ ಉಲ್ಟಾ. ಈ ಇಂಜಿನ್ ಓಡುವುದು ಬಿಸಿಯಿಂದಲ್ಲ, ಬಿಸಿ ಮತ್ತು ತಂಪಿನ ನಡುವಿನ ಅಂತರದಿಂದ. ಡಬ್ಬಿಯ ತಳ 200 ಡಿಗ್ರಿ ಸೆಲ್ಸಿಯಸ್ ಇದ್ದು ಮುಚ್ಚಳವನ್ನು 25 ಡಿಗ್ರಿಯಲ್ಲಿ ಇಟ್ಟುಕೊಂಡರೆ, ಸಿದ್ಧಾಂತದ ಪ್ರಕಾರ ಶಾಖದ ಹೆಚ್ಚೆಂದರೆ 37 ಶೇಕಡಾ ಭಾಗ ಕೆಲಸವಾಗಬಹುದು. ಮುಚ್ಚಳ 80 ಡಿಗ್ರಿಗೆ ಏರಿತೋ, ಅದೇ ಮಿತಿ 25ಕ್ಕೆ ಇಳಿಯುತ್ತದೆ. ಮನೆಯಲ್ಲಿ ಮಾಡಿದ ಮಾದರಿಗೆ ದಕ್ಕುವುದು ಇದರ ಚಿಕ್ಕ ಪಾಲು. ಅದರಲ್ಲೂ ಹೆಚ್ಚಿನದು ತಿಕ್ಕಾಟಕ್ಕೇ ಹೋಗುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ಇಲ್ಲಿ ಕೂತು ಇಂಜಿನ್ ಮಾಡುವವರು ದೀಪಕ್ಕಿಂತ ಹೆಚ್ಚಾಗಿ ನೀರಿನ ಬಗ್ಗೆ ಯೋಚಿಸಬೇಕು.

ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಸ್ಟರ್ಲಿಂಗ್ ಇದಕ್ಕೆ ಪೇಟೆಂಟ್ ಪಡೆದದ್ದು 1816ರಲ್ಲಿ. ಉಗಿಯಿಲ್ಲ, ಸ್ಫೋಟವಿಲ್ಲ, ಹೊಗೆ ಬಿಡುವ ಕೊಳವೆಯೂ ಇಲ್ಲ. ಒಳಗೆ ಮುಚ್ಚಿಟ್ಟ ಅದೇ ಗಾಳಿ ಮತ್ತೆ ಮತ್ತೆ ಕಾಯುತ್ತದೆ, ಆರುತ್ತದೆ. ಸ್ವೀಡನ್ನಿನ ಗಾಟ್ಲೆಂಡ್ ವರ್ಗದ ಜಲಾಂತರ್ಗಾಮಿಗಳು ನೀರಿನಡಿ ಸದ್ದಿಲ್ಲದೆ ಚಲಿಸಲು ಬಳಸುವುದೂ ಇದೇ ತತ್ವದ ಇಂಜಿನ್.

ಒಳಗೆ ನಡೆಯುವುದೇನು

ಹೊರಡಬ್ಬಿಯ ತಳಕ್ಕೆ ದೀಪ, ತಲೆಯ ಮೇಲೆ ನೀರು. ಒಳಗೆ ಗೋಡೆಗೆ ತಾಗದಂತೆ ಮೇಲೆ ಕೆಳಗೆ ಆಡುವ ಇನ್ನೊಂದು ಡಬ್ಬಿ ಇದೆ. ಇಂಗ್ಲಿಷಿನಲ್ಲಿ ಇದು ಡಿಸ್ಪ್ಲೇಸರ್, ನಾವು ಒಳಡಬ್ಬಿ ಎನ್ನೋಣ. ಇದು ಪಿಸ್ಟನ್ ಅಲ್ಲ, ಗಾಳಿಯನ್ನು ಒತ್ತುವುದೂ ಇಲ್ಲ, ಬರೀ ಜಾಗ ಬದಲಿಸುತ್ತದೆ. ಒಳಡಬ್ಬಿ ಮೇಲೆ ಹೋದರೆ ಗಾಳಿ ಪಕ್ಕದ ಸಂದಿನಿಂದ ಕೆಳಗಿಳಿದು ಕಾಯುತ್ತದೆ, ಒತ್ತಡ ಏರುತ್ತದೆ. ಒಳಡಬ್ಬಿ ಕೆಳಗೆ ಬಂದರೆ ಗಾಳಿ ಮೇಲೇರಿ ತಣಿಯುತ್ತದೆ, ಒತ್ತಡ ಇಳಿಯುತ್ತದೆ. ಪಕ್ಕದಲ್ಲಿರುವ ರಬ್ಬರ್ ಪೊರೆ ಈ ಏರಿಳಿತಕ್ಕೆ ಉಬ್ಬಿ ತಗ್ಗಿ ಕ್ರ್ಯಾಂಕನ್ನು, ಅಂದರೆ ಮಡಿಕೆ ಹಾಕಿದ ಅಚ್ಚನ್ನು, ತಿರುಗಿಸುತ್ತದೆ. ಅದೇ ಕ್ರ್ಯಾಂಕು ಒಳಡಬ್ಬಿಯನ್ನೂ ಆಡಿಸುತ್ತದೆ.

ಸಾಮಾನು

ಹೊರಡಬ್ಬಿಗೆ ಒಳವ್ಯಾಸ 72 ಮಿ.ಮೀ., ಎತ್ತರ 80 ಮಿ.ಮೀ. ಸುಮಾರಿನ ಕಬ್ಬಿಣದ ತಗಡಿನ ಡಬ್ಬಿ ಬೇಕು. ಮಂದಹಾಲು, ರಸಗುಲ್ಲ ತುಂಬಿ ಬರುವಂಥದ್ದು ಸರಿಹೋಗುತ್ತದೆ, ಆದರೆ ಅಳೆದು ನೋಡಿಯೇ ತನ್ನಿ. ಅಯಸ್ಕಾಂತ ಅಂಟದಿದ್ದರೆ ಅದು ಅಲ್ಯೂಮಿನಿಯಂ, ಬೇಡ. ಅದು ತಳದ ಶಾಖವನ್ನು ಬೇಗನೆ ತಲೆಗೆ ಸಾಗಿಸುತ್ತದೆ. ಒಳಡಬ್ಬಿಗೆ ಮಾತ್ರ 66 ಮಿ.ಮೀ. ವ್ಯಾಸದ ಅಲ್ಯೂಮಿನಿಯಂ ಪಾನೀಯದ ಕ್ಯಾನ್ ಎರಡು. ಈಗ ಹೆಚ್ಚಾಗಿ ಸಿಗುವ ಸಪೂರ ಕ್ಯಾನ್ ಇದಕ್ಕೆ ಆಗದು.

ಕ್ರ್ಯಾಂಕಿಗೆ 2 ಮಿ.ಮೀ. ದಪ್ಪದ ಸೈಕಲ್ ಕಡ್ಡಿ. ಒಳಡಬ್ಬಿಯ ಸಲಾಕೆಗೆ 22 ಗೇಜಿನ, ಅಂದರೆ 0.71 ಮಿ.ಮೀ. ದಪ್ಪದ ನೆಟ್ಟನೆಯ ಸ್ಟೀಲ್ ತಂತಿ. ಆ ತಂತಿ ಓಡಾಡುವ ಬುಷ್ ಆಗಿ 18 ಗೇಜಿನ ಹೊಸ ಇಂಜೆಕ್ಷನ್ ಸೂಜಿ; ಅದರ ಒಳರಂಧ್ರ ಸುಮಾರು 0.84 ಮಿ.ಮೀ. ಇರುವುದರಿಂದ ತಂತಿ ಸಲೀಸಾಗಿ ಜಾರುತ್ತದೆ, ಗಾಳಿ ಹೆಚ್ಚು ಸೋರುವುದಿಲ್ಲ. 1 ಮಿ.ಮೀ. ಅಲ್ಯೂಮಿನಿಯಂ ಹಾಳೆ, 50 ಮಿ.ಮೀ. ಪಿವಿಸಿ ಪೈಪಿನ ಮುಚ್ಚಳ ಒಂದು, ನೈಟ್ರೈಲ್ (ಒಂದು ಬಗೆಯ ಕೃತಕ ರಬ್ಬರ್) ಕೈಗವಸು, ಎರಡು ಹಳೆಯ ಸಿ.ಡಿ., ಶಾಖ ತಡೆಯುವ ಸಿಲಿಕೋನ್ ಗೋಂದು, ಎಂ-ಸೀಲ್, ಅಂಗೈಯಗಲದ ಪ್ಲಾಸ್ಟಿಕ್ ಬಟ್ಟಲು, ಒಂದಡಿ ಕೂಲರ್ ಪೈಪ್, ವಿದ್ಯುತ್ ಅಂಗಡಿಯ ಕನೆಕ್ಟರ್ ಪಟ್ಟಿಯೊಳಗಿನ ಹಿತ್ತಾಳೆ ತುಂಡು ಎರಡು. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಸುತ್ತಮುತ್ತ ಒಂದು ಸಂಜೆ ಓಡಾಡಿದರೆ ಹೆಚ್ಚಿನವು ಕೈಗೆ ಬರುತ್ತವೆ.

ಅಡಿಪಾಯಕ್ಕೆ ಹಲಗೆ ಹುಡುಕಬೇಡಿ. 300×200 ಮಿ.ಮೀ. ಅಳತೆಯ, 20 ಮಿ.ಮೀ. ದಪ್ಪದ ಶಹಾಬಾದ್ ಫರಸಿ ತುಂಡು ಸಾಕು. ಮೂರು ಕಿಲೋ ತೂಕ, ಸಮತಟ್ಟು, ಬೆಂಕಿಗೆ ಅಂಜದು, ಕಲ್ಲಿನ ಡ್ರಿಲ್ ಬಿಟ್ಟಿಗೆ ಸುಲಭವಾಗಿ ತೂತಾಗುತ್ತದೆ. ಇಂಥ ಇಂಜಿನ್ನಿಗೆ ಇದಕ್ಕಿಂತ ಒಳ್ಳೆಯ ಪೀಠ ಬೇರೆ ಕಡೆಯವರಿಗೆ ದುಡ್ಡು ಕೊಟ್ಟರೂ ಇಷ್ಟು ಅಗ್ಗಕ್ಕೆ ಸಿಗಲಿಕ್ಕಿಲ್ಲ.

ಕಟ್ಟುವ ಕ್ರಮ

ಮೊದಲು ಒಳಡಬ್ಬಿ. ಎರಡೂ ಕ್ಯಾನಿನ ತಳಭಾಗವನ್ನು 28 ಮಿ.ಮೀ. ಎತ್ತರಕ್ಕೆ ಕತ್ತರಿಸಿ. ಒಂದರ ಅಂಚನ್ನು ಇಕ್ಕಳದಿಂದ ಸಣ್ಣಗೆ ಮಡಿಕೆ ಮಡಿಕೆ ಮಾಡಿ ಇನ್ನೊಂದರೊಳಗೆ ತುರುಕಿ, ಒಟ್ಟು ಎತ್ತರ ಸರಿಯಾಗಿ 50 ಮಿ.ಮೀ. ಆಗಲಿ. ಈ ಅಳತೆ ಸುಮ್ಮನೆ ಬಂದದ್ದಲ್ಲ: ಡಬ್ಬಿಯ ಎತ್ತರ 80, ಒಳಡಬ್ಬಿ 50, ಅದರ ಓಡಾಟ 22, ಮೇಲೂ ಕೆಳಗೂ ತಾಗದಿರಲು ತಲಾ 4. ನಿಮ್ಮ ಡಬ್ಬಿ ಎತ್ತರವಿದ್ದರೆ ಒಳಡಬ್ಬಿಯನ್ನು ಅಷ್ಟೇ ಎತ್ತರಿಸಿ, ಓಡಾಟ ಹೆಚ್ಚಿಸಬೇಡಿ. ಸುತ್ತಲೂ 3 ಮಿ.ಮೀ. ಸಂದು ಉಳಿಯುತ್ತದೆ. 1 ಮಿ.ಮೀ.ಗೆ ಇಳಿದರೆ ಗೋಡೆಗೆ ಉಜ್ಜುತ್ತದೆ, 6 ದಾಟಿದರೆ ಗಾಳಿ ಕಾಯದೆ ಆರದೆ ಸುಮ್ಮನೆ ಹಾದುಹೋಗುತ್ತದೆ.

ಎರಡೂ ತಳದ ನಟ್ಟನಡುವೆ ಸಣ್ಣ ತೂತು ಮಾಡಿ ತಂತಿ ತೂರಿಸಿ, ಕೆಳತುದಿಯನ್ನು ಬಾಗಿಸಿ ಸಿಕ್ಕಿಸಿ, ಮೇಲ್ತುದಿಯಲ್ಲಿ ಎಂ-ಸೀಲ್ ಹಚ್ಚಿ. ಕೆಳತೂತನ್ನು ಮುಚ್ಚಬೇಡಿ. ಒಳಗೆ ಸಿಕ್ಕಿದ ಗಾಳಿ ಕಾದು ಹಿಗ್ಗಿದಾಗ ಹೊರಬರಲು ದಾರಿ ಇಲ್ಲದಿದ್ದರೆ ಎರಡು ಭಾಗಗಳೂ ಬಿಚ್ಚಿಕೊಳ್ಳುತ್ತವೆ. ತಂತಿ ಹಿಡಿದು ತೂಗಿದಾಗ ಡಬ್ಬಿ ವಾಲದೆ ನೇರ ನಿಲ್ಲಬೇಕು.

ಮುಚ್ಚಳಕ್ಕೆ ಅಲ್ಯೂಮಿನಿಯಂ ಹಾಳೆಯಲ್ಲಿ 80 ಮಿ.ಮೀ. ಬಿಲ್ಲೆ. ನಡುವೆ 1.3 ಮಿ.ಮೀ. ತೂತು, ಅದಕ್ಕೆ ಸೂಜಿಯ 20 ಮಿ.ಮೀ. ತುಂಡು. ಸೂಜಿಯನ್ನು ತ್ರಿಕೋನ ಅರದಿಂದ ಸುತ್ತ ಗೀರಿ ಮುರಿಯಿರಿ. ಇಕ್ಕಳದಿಂದ ಕತ್ತರಿಸಿದರೆ ಬಾಯಿ ಚಪ್ಪಟೆಯಾಗುತ್ತದೆ. ಲಂಬವಾಗಿ ನಿಲ್ಲಿಸಿ ಎಂ-ಸೀಲ್ ಹಚ್ಚಿ. ನಡುವಿನಿಂದ 25 ಮಿ.ಮೀ. ದೂರದಲ್ಲಿ ಇನ್ನೊಂದು ತೂತು ಮಾಡಿ, ಒಳವ್ಯಾಸ 8 ಮಿ.ಮೀ. ಇರುವ 20 ಮಿ.ಮೀ. ಉದ್ದದ ಲೋಹದ ಕೊಳವೆ ಕೂರಿಸಿ. ಪೊರೆಯ ಕಡೆ ಗಾಳಿ ಹೋಗುವುದು ಇಲ್ಲಿಂದಲೇ. ಕೊಳವೆ ಯಾವಾಗಲೂ ತಂಪು ಬದಿಯಲ್ಲೇ ಇರಲಿ, ಬಿಸಿ ಗಾಳಿ ತಾಗಿದರೆ ರಬ್ಬರ್ ಬಾಳದು.

ಬಟ್ಟಲಿನ ತಳದಲ್ಲಿ ಡಬ್ಬಿಯಷ್ಟೇ ಅಗಲದ ತೂತು ಕೊರೆದು, ಡಬ್ಬಿಯ ಬಾಯಿಂದ 25 ಮಿ.ಮೀ. ಕೆಳಗೆ ಕೂರುವಂತೆ ತೊಡಿಸಿ ಸಿಲಿಕೋನ್ ಹಚ್ಚಿ. ಒಳಡಬ್ಬಿಯನ್ನು ಇಳಿಸಿ, ತಂತಿಯನ್ನು ಸೂಜಿಯಲ್ಲಿ ತೂರಿಸಿ, ಮುಚ್ಚಳವನ್ನೂ ಸಿಲಿಕೋನಿನಿಂದಲೇ ಮುಚ್ಚಿ. ಒಂದು ದಿನ ಪೂರ್ತಿ ಮುಟ್ಟಬೇಡಿ. ಎಲ್ಲೂ ಬೆಸುಗೆ ಬೇಡ. ವಿದ್ಯುತ್ ಕೆಲಸದ ಸಾಮಾನ್ಯ ಬೆಸುಗೆ 190 ಡಿಗ್ರಿಯೊಳಗೇ ಕರಗುತ್ತದೆ, ತಳದ ಬಿಸಿ ಅದನ್ನು ದಾಟುತ್ತದೆ.

ಪೊರೆಗೆ ಪಿವಿಸಿ ಮುಚ್ಚಳದ ಒಳಗನ್ನು ಎಂ-ಸೀಲ್ ಅಥವಾ ಮರದ ಬಿಲ್ಲೆಯಿಂದ ತುಂಬಿ, 8 ಮಿ.ಮೀ. ಆಳ ಮಾತ್ರ ಉಳಿಸಿ. ಕೆಲಸ ಮಾಡದೆ ಕೂತ ಗಾಳಿ ಒತ್ತಡವನ್ನು ತಿಂದುಹಾಕುತ್ತದೆ. ಬದಿಯಲ್ಲಿ ತೂತು ಮಾಡಿ ಕೂಲರ್ ಪೈಪನ್ನು 50 ಮಿ.ಮೀ.ಗಿಂತ ಹೆಚ್ಚು ಉದ್ದವಾಗದಂತೆ ಜೋಡಿಸಿ. ಬಟ್ಟಲಿನ ಗೋಡೆ ಅಡ್ಡ ಬಂದರೆ ಅಲ್ಲೇ ಕೊರೆದು ದಾಟಿಸಿ ಸಿಲಿಕೋನ್ ಹಚ್ಚಿ. ಬಾಯಿಗೆ ಕೈಗವಸಿನ ಅಂಗೈ ಭಾಗವನ್ನು ಹಾಸಿ ದಾರ ಬಿಗಿಯಿರಿ. ಎಳೆದು ಕಟ್ಟಬೇಡಿ. ಡೋಲಿನಂತೆ ಬಿಗಿದ ಪೊರೆ ಇಂಜಿನ್ನಿನ ಶಕ್ತಿಯನ್ನೆಲ್ಲ ನುಂಗುತ್ತದೆ. ಬೆರಳಿಂದ ಒತ್ತಿದರೆ ಮೇಲೂ ಕೆಳಗೂ 6 ಮಿ.ಮೀ. ಸಲೀಸಾಗಿ ಆಡುವಷ್ಟು ಸಡಿಲವಿರಲಿ. ನಡುವೆ ಹಳೆಯ ಎಟಿಎಂ ಕಾರ್ಡಿನಿಂದ ಕತ್ತರಿಸಿದ 30 ಮಿ.ಮೀ.ಯ ಎರಡು ಬಿಲ್ಲೆ, ಪೊರೆಯ ಎರಡು ಕಡೆಯಿಂದ ಹಿಡಿದು ಸಣ್ಣ ಬೋಲ್ಟ್.

ಕ್ರ್ಯಾಂಕಿನ ಮಡಿಕೆ ಅಚ್ಚಿನ ನಡುವಿನಿಂದ ಒಳಡಬ್ಬಿಗೆ 11 ಮಿ.ಮೀ., ಪೊರೆಗೆ 6 ಮಿ.ಮೀ. ದೂರ. ಈ ಲೆಕ್ಕದಲ್ಲಿ ಒಳಡಬ್ಬಿ ಒಂದು ಓಟಕ್ಕೆ ಸುಮಾರು 75 ಘನ ಸೆಂ.ಮೀ. ಗಾಳಿಯನ್ನು ಸ್ಥಳಾಂತರಿಸುತ್ತದೆ, ಪೊರೆ 15 ಘನ ಸೆಂ.ಮೀ. ಹಿಗ್ಗುತ್ತದೆ: ಐದಕ್ಕೆ ಒಂದು. ಕಡಿಮೆ ತಾಪಾಂತರದ ಇಂಜಿನ್ನನ್ನು 1983ರಲ್ಲಿ ಓಡಿಸಿ ತೋರಿಸಿದ ಕ್ರೊವೇಷಿಯಾದ ಐವೊ ಕೋಲಿನ್ ಅವರ ಸೂತ್ರ ಇಲ್ಲಿ ಕೈಹಿಡಿಯುತ್ತದೆ. ತಾಪಾಂತರವನ್ನು 1100ರಿಂದ ಭಾಗಿಸಿ, ಒಳಗಿರುವ ಗಾಳಿಯ ಗಾತ್ರದಿಂದ ಗುಣಿಸಿದರೆ ಪೊರೆ ಎಷ್ಟು ಹಿಗ್ಗಬೇಕೆಂದು ತಿಳಿಯುತ್ತದೆ. ನಮ್ಮ ಡಬ್ಬಿಯಲ್ಲಿ ಕ್ಯಾನಿನ ತಳದ ಗುಳಿಯೂ ಸೇರಿ ಸುಮಾರು 200 ಘನ ಸೆಂ.ಮೀ. ಗಾಳಿ, ಆ ಗಾಳಿಗೆ ದಕ್ಕುವ ಅಂತರ 80 ಡಿಗ್ರಿ ಎಂದುಕೊಂಡರೆ ಉತ್ತರ 14.5. ಪೊರೆ ದೊಡ್ಡದಿದ್ದರೆ ಬಲ ಹೆಚ್ಚುತ್ತದೆ ಎಂದು 100 ಮಿ.ಮೀ. ಪೊರೆ ಕಟ್ಟುವುದು ತೀರಾ ಸಾಮಾನ್ಯ ತಪ್ಪು.

ಎರಡು ಮಡಿಕೆಗಳ ನಡುವೆ 90 ಡಿಗ್ರಿ ಕೋನ. ಒಳಡಬ್ಬಿ ತುತ್ತತುದಿಗೆ ಬಂದ ಕ್ಷಣದಲ್ಲಿ ಪೊರೆ ಅರ್ಧ ಎತ್ತರದಲ್ಲಿದ್ದು ಮೇಲಕ್ಕೆ ಹೋಗುತ್ತಿರಬೇಕು. ಯಾವ ಕಡೆ ತಿರುಗಿಸಿದರೆ ಹೀಗಾಗುತ್ತದೋ ಇಂಜಿನ್ ಓಡುವುದು ಆ ಕಡೆಗೇ. ಇನ್ನೊಂದು ಕಡೆಗೆ ಎಷ್ಟು ನೂಕಿದರೂ ನಿಲ್ಲುತ್ತದೆ.

ಫರಸಿಯ ಮೇಲೆ ನಾಲ್ಕು ಥ್ರೆಡ್ ರಾಡ್ ನಿಲ್ಲಿಸಿ, 80 ಮಿ.ಮೀ. ತೂತಿರುವ 12 ಮಿ.ಮೀ. ಪ್ಲೈವುಡ್ ಕೂರಿಸಿ. ಬಟ್ಟಲು ಅದರ ಮೇಲೆ, ಡಬ್ಬಿಯ ತಳ ಅದರ ಕೆಳಗೆ. ಪ್ಲೈವುಡ್ಡಿನ ಅಡಿಗೆ ತಗಡು ಬಡಿಯುವುದನ್ನು ಮರೆತರೆ ಅರ್ಧ ಗಂಟೆಯಲ್ಲಿ ಸುಟ್ಟ ವಾಸನೆ ಬರುತ್ತದೆ. ಕ್ರ್ಯಾಂಕಿನ ಅಚ್ಚು ಪ್ಲೈವುಡ್ಡಿನಿಂದ ಸುಮಾರು 115 ಮಿ.ಮೀ. ಎತ್ತರದಲ್ಲಿ, ಎರಡು ಅಲ್ಯೂಮಿನಿಯಂ ಪಟ್ಟಿಗಳ ತೂತಿನಲ್ಲಿ ತಿರುಗಲಿ. ಮಡಿಕೆಗಳನ್ನು ಒಳಡಬ್ಬಿಗೂ ಪೊರೆಗೂ ಸೇರಿಸುವ ತಂತಿಗಳ ನಡುವೆ ಕನೆಕ್ಟರಿನ ಹಿತ್ತಾಳೆ ತುಂಡು ಹಾಕಿದರೆ ತಿರುಪು ಸಡಿಲಿಸಿ ಉದ್ದ ಹೊಂದಿಸಬಹುದು. ಸಿ.ಡಿ.ಗಳನ್ನು ಅಚ್ಚಿನ ತುದಿಗೆ ಅಂಟಿಸಿ, ಇವೇ ಇಂಜಿನ್ನಿನ ಗಾಲಿ. ಒಳಡಬ್ಬಿಯ ಭಾರ ಗಾಲಿಯನ್ನು ಒಂದೇ ಕಡೆಗೆ ಎಳೆಯುತ್ತದೆ. ಎದುರು ಬದಿಯಲ್ಲಿ ಎಂ-ಸೀಲ್ ಉಂಡೆ ಅಂಟಿಸುತ್ತ ಹೋಗಿ, ಗಾಲಿ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವ ತನಕ.

ದೀಪ ಹಚ್ಚುವ ಮುನ್ನ, ಹಚ್ಚಿದ ಮೇಲೆ

ಪೊರೆಯ ತಂತಿ ಬಿಚ್ಚಿಟ್ಟು ಗಾಲಿಯನ್ನು ಬೆರಳಲ್ಲಿ ಮೀಟಿ. ಹತ್ತು ಸುತ್ತಾದರೂ ತಾನಾಗಿ ತಿರುಗಬೇಕು. ಎರಡೇ ಸುತ್ತಿಗೆ ನಿಂತರೆ ದೀಪ ಹಚ್ಚುವುದು ವ್ಯರ್ಥ: ತಂತಿ ಸೂಜಿಯಲ್ಲಿ ಓರೆಯಾಗಿದೆ, ಇಲ್ಲವೇ ಒಳಡಬ್ಬಿ ಗೋಡೆಗೆ ತಾಗುತ್ತಿದೆ. ಕಿವಿಗೊಟ್ಟರೆ ಕರಕರ ಸದ್ದು ಕೇಳುತ್ತದೆ. ಸೋರಿಕೆಗೆ ಸಾಬೂನು ನೀರು ಹಚ್ಚಿ ಪೊರೆ ಒತ್ತಿ ನೋಡಿ. ಸೂಜಿಯ ಬಾಯಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ.

ಬಟ್ಟಲಿಗೆ ನೀರು ಹಾಕಿ. ಮುಚ್ಚಳದ ಮೇಲೆ 10 ಮಿ.ಮೀ. ನಿಲ್ಲಲಿ, ಸೂಜಿಯ ಬಾಯಿ ಮುಳುಗದಿರಲಿ. ಸ್ಪಿರಿಟ್ ದೀಪ ಹಚ್ಚಿ ಎರಡು ನಿಮಿಷ ಕಾದು, ಕ್ರ್ಯಾಂಕಿಗೆ ಜೋಡಿಸದೆಯೇ ಒಳಡಬ್ಬಿಯ ತಂತಿಯನ್ನು ಕೈಯಿಂದ ಎತ್ತಿ ಇಳಿಸಿ. ಎತ್ತಿದಾಗ ಪೊರೆ ಉಬ್ಬಬೇಕು, ಇಳಿಸಿದಾಗ ತಗ್ಗಬೇಕು. ಈ ಒಂದು ಪರೀಕ್ಷೆ ಅರ್ಧ ತೊಂದರೆಗಳನ್ನು ಹೇಳಿಬಿಡುತ್ತದೆ. ಪೊರೆ ಉಬ್ಬಿಯೇ ನಿಂತರೆ ತಲೆ ತಣಿಯುತ್ತಿಲ್ಲ. ಉಬ್ಬಿ ತಾನೇ ಮೆಲ್ಲಗೆ ಇಳಿದರೆ ಸೋರಿಕೆ. ಅಲುಗಲೇ ಇಲ್ಲ ಎಂದರೆ ಸೋರಿಕೆ ದೊಡ್ಡದು, ಅಥವಾ ಪೈಪು ಮಡಚಿದೆ. ಎಲ್ಲ ಸರಿಯಿದ್ದರೆ ಜೋಡಿಸಿ, ಗಾಲಿಗೆ ಒಂದು ನೂಕು. ನಿಮಿಷಕ್ಕೆ 100ರಿಂದ 200 ಸುತ್ತು ಬಂದರೆ ಚೆನ್ನಾಗಿ ಓಡಿದಂತೆ. ಮೊಬೈಲ್ ಚಾರ್ಜ್ ಮಾಡುವ ಆಸೆ ಇದರಿಂದ ಬೇಡ.

ಎಣ್ಣೆ ದೀಪ ಮಸಿ ಕಟ್ಟುತ್ತದೆ, ಮೇಣದ ಬತ್ತಿಯೂ ಅಷ್ಟೆ. ಸ್ಪಿರಿಟ್ಟಿನಲ್ಲಿ ಅಪಾಯ ಬೇರೆ: ಅದರ ಜ್ವಾಲೆ ಹಗಲು ಬೆಳಕಿನಲ್ಲಿ ಕಾಣುವುದೇ ಇಲ್ಲ. ಅಂಗಳದ ಬಿಸಿಲಲ್ಲಿ ಹಚ್ಚಬೇಡಿ, ಉರಿಯುವ ದೀಪಕ್ಕೆ ಸ್ಪಿರಿಟ್ ಸುರಿಯಬೇಡಿ. ಮೊದಲ ಸಲ ಡಬ್ಬಿಯೊಳಗಿನ ಲೇಪ ಸುಟ್ಟು ಘಾಟು ಬರುತ್ತದೆ, ಕಿಟಕಿ ತೆರೆದಿರಲಿ.

ಐದು ನಿಮಿಷ ಚೆಂದಾಗಿ ಓಡಿ ಆಮೇಲೆ ನಿಧಾನವಾಗಿ ನಿಲ್ಲುವ ಇಂಜಿನ್ ಬೇಸಿಗೆಯಲ್ಲಿ ಇಲ್ಲಿ ತೀರಾ ಸಾಮಾನ್ಯ. ನಳದಲ್ಲೇ ಬಿಸಿ ನೀರು ಬರುವ ಕಾಲದಲ್ಲಿ ಬಟ್ಟಲಿನ ನೀರು ಬೇಗ ಕಾಯುತ್ತದೆ. ಗಡಿಗೆಯ ನೀರಿನಿಂದ ಶುರು ಮಾಡಿ. ಹಳೆಯ ಪಂಚೆಯ ತುಂಡನ್ನು ಬಟ್ಟಲಿಗೆ ಸುತ್ತಿ, ಅದರ ಒಂದು ತುದಿಯನ್ನು ನೀರಿನಲ್ಲಿ ಅದ್ದಿಟ್ಟು, ಫ್ಯಾನಿನ ಗಾಳಿ ಬಟ್ಟೆಗೆ ತಾಗಿ ದೀಪಕ್ಕೆ ತಾಗದಂತೆ ತಗಡಿನ ಮರೆ ಇಡಿ. ಗಡಿಗೆ ತಣ್ಣಗಾಗುವುದೂ ಕೂಲರ್ ಕೆಲಸ ಮಾಡುವುದೂ ಇದೇ ರೀತಿ. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 2,400 ಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. ತಲೆಗೆ 30 ವಾಟ್ ಶಾಖ ಬರುತ್ತಿದೆ ಎಂದಿಟ್ಟುಕೊಂಡರೂ ಗಂಟೆಗೆ 45 ಗ್ರಾಂ ನೀರು ಆವಿಯಾದರೆ ಲೆಕ್ಕ ಸರಿಹೋಯಿತು. ಏಪ್ರಿಲ್, ಮೇ ತಿಂಗಳ ಒಣಗಾಳಿ ಇದಕ್ಕೆ ಹೇಳಿ ಮಾಡಿಸಿದ್ದು. ಮಳೆಗಾಲದಲ್ಲಿ ಈ ಉಪಾಯ ನಡೆಯದು, ಆಗ ಹತ್ತು ನಿಮಿಷಕ್ಕೊಮ್ಮೆ ನೀರು ಬದಲಿಸುವುದೇ ದಾರಿ.

ಚಹಾ ಲೋಟದ ಮೇಲಿಟ್ಟರೆ ತಿರುಗುವ ಚಪ್ಪಟೆ ಇಂಜಿನ್ ಕೊಂಡವರಿಗೂ ಇದೇ ಮಾತು. ಲೋಟ 85 ಡಿಗ್ರಿ ಇದ್ದು ಕೋಣೆ 43 ಇದ್ದರೆ ಸಿದ್ಧಾಂತದ ಮಿತಿ 12 ಶೇಕಡಾಕ್ಕಿಂತ ಕೆಳಗೆ. ಡಿಸೆಂಬರಿನ ಬೆಳಿಗ್ಗೆ 18 ಡಿಗ್ರಿಯಲ್ಲಿ ಅದೇ ಲೋಟಕ್ಕೆ 18 ಶೇಕಡಾ ದಾಟುತ್ತದೆ. ಮೇ ತಿಂಗಳಲ್ಲಿ ತಿರುಗದ ಇಂಜಿನ್ನನ್ನು ಅಂಗಡಿಗೆ ಮರಳಿಸುವ ಮುನ್ನ ಮೇಲಿನ ತಟ್ಟೆಗೆ ಒದ್ದೆ ಬಟ್ಟೆ ಹಾಕಿ ನೋಡಿ. ಎತ್ತರದಲ್ಲಿರುವ ಬೀದರಿನವರಿಗೆ ಈ ತಾಪತ್ರಯ ತುಸು ಕಡಿಮೆ.

ಕೆಲಸ ಮುಗಿದ ಮೇಲೆ ದೀಪ ಆರಿಸಿ, ಗಾಲಿ ತಾನಾಗಿ ನಿಲ್ಲಲಿ. ಡಬ್ಬಿ ಆರಿದ ಮೇಲೆ ನೀರು ಚೆಲ್ಲಿ ಒರೆಸಿಡಿ, ಇಲ್ಲದಿದ್ದರೆ ಬಟ್ಟಲು ಕೂತ ಜಾಗದಲ್ಲೇ ತಗಡು ತುಕ್ಕು ಹಿಡಿದು ತೂತಾಗುತ್ತದೆ. ಪೊರೆಯ ತಂತಿಯನ್ನು ಕಳಚಿಡಿ. ಬೇಸಿಗೆಯಲ್ಲಿ ಬಲೂನಿನ ರಬ್ಬರ್ ಬೇಗನೆ ಅಂಟಂಟಾಗಿ ಹರಿಯುತ್ತದೆ, ನೈಟ್ರೈಲ್ ಅದಕ್ಕಿಂತ ಹೆಚ್ಚು ಬಾಳುತ್ತದೆ. ಹೇಗಿದ್ದರೂ ಕೈಗವಸಿನ ಜೋಡಿಯಲ್ಲಿ ಇನ್ನೊಂದು ಉಳಿದಿರುತ್ತದಲ್ಲ.